ಫಿಲಡೆಲ್ಫಿಯಾ: 44 ಜನರ ಕಾವಲು ದೋಣಿ

ಗನ್‌ಬೋಟ್ ಎಂದರೆ ಭಾರಿ ಹಡಗಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಷಾಂಪ್ಲೇನ್ ಸರೋವರ ಕಾದ ‘ಫಿಲಡೆಲ್ಫಿಯಾ’ 53 ಅಡಿ ಉದ್ದದ, 15 ಅಡಿ ಅಗಲದ, ತಳ ಚಪ್ಪಟೆಯಾದ ಮರದ ದೋಣಿ. 1776ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಸ್ಕೀನ್ಸ್‌ಬರೋದಲ್ಲಿ ಅದನ್ನು ಅವಸರವಸರವಾಗಿ ಕಟ್ಟಿದರು. ಕೆನಡಾದಲ್ಲಿದ್ದ ಬ್ರಿಟಿಷ್ ಸೇನೆಗೆ ದಕ್ಷಿಣಕ್ಕೆ ಇಳಿಯಲು ಆ ಸರೋವರವೇ ಹೆದ್ದಾರಿ. ಸುತ್ತ ದಟ್ಟ ಕಾಡು. ಫಿರಂಗಿ ಎಳೆದೊಯ್ಯುವಂಥ ರಸ್ತೆಯೇ ಇರಲಿಲ್ಲ.

ಕ್ಯಾಪ್ಟನ್ ಬೆಂಜಮಿನ್ ರೂ ಸೇರಿ ದೋಣಿಯಲ್ಲಿದ್ದವರು 44 ಜನ. ಅಮೆರಿಕನ್ನರ ದೋಣಿಪಡೆಯ ಬಹುಪಾಲು ಮಂದಿ ನಾವಿಕರಲ್ಲ, ಭೂಸೇನೆಯಿಂದ ಕಳಿಸಿದವರು. ಅನುಭವವಿರುವ ನಾವಿಕರನ್ನು ಕಳಿಸಿ, ಬೆಚ್ಚನೆಯ ಬಟ್ಟೆ ಕಳಿಸಿ ಎಂದು ಪಡೆಯ ನಾಯಕ ಬೆನೆಡಿಕ್ಟ್ ಅರ್ನಾಲ್ಡ್ ಮತ್ತೆ ಮತ್ತೆ ಬರೆದ. ದೋಣಿಗೆ ಹಾಯಿಯೇನೋ ಇತ್ತು, ಆದರೆ ಗಾಳಿ ಹಿಂದಿನಿಂದ ಬೀಸಿದರಷ್ಟೇ ಅದರಿಂದ ಉಪಯೋಗ. ಉಳಿದ ಹೊತ್ತು ಉದ್ದನೆಯ ಹುಟ್ಟುಗಳೇ ಗತಿ. 12 ಪೌಂಡ್ ಗುಂಡಿನ ದೊಡ್ಡ ಫಿರಂಗಿಯ ಬಾಯಿ ಮುಂದಕ್ಕೇ ನೆಟ್ಟಿತ್ತು. ಗುರಿ ಬದಲಿಸಬೇಕೆಂದರೆ ದೋಣಿಯನ್ನೇ ತಿರುಗಿಸಬೇಕು. ಹಾಗಾಗಿ ಹುಟ್ಟು ಹಾಕುವವನ ತೋಳಿನ ಮೇಲೂ ಗುರಿ ನಿಂತಿತ್ತು.

ಗಸ್ತಿನ ದಿನಗಳು ಇನ್ನೂ ಕಷ್ಟದವು. ಮಲಗಲು ಕೋಣೆಯಿಲ್ಲ, ಮೇಲೆ ಕ್ಯಾನ್ವಾಸ್ ಹೊದಿಕೆ ಮಾತ್ರ. ನಡುವೆ ಇಟ್ಟಿಗೆಯ ಪುಟ್ಟ ಒಲೆ. ಅಡುಗೆಯೂ ಅದರಲ್ಲೇ, ಚಳಿ ಕಾಯಿಸುವುದೂ ಅದರಲ್ಲೇ. ಸೆಪ್ಟೆಂಬರ್‌ನಲ್ಲಿ ಉತ್ತರದ ಕಡೆ ಕಣ್ಣಿಟ್ಟು, ಕೊನೆಗೆ ವಾಲ್ಕೂರ್ ದ್ವೀಪದ ಮರೆಯಲ್ಲಿ ಲಂಗರು ಹಾಕಿದರು.

ನನ್ನ ದೃಷ್ಟಿಯಲ್ಲಿ ಈ ಜನರ ನಿಜವಾದ ಸಾಧನೆ ಆ ಕಾಯುವಿಕೆಯೇ. ಅಮೆರಿಕನ್ನರ ಬಳಿ ದೋಣಿಪಡೆ ಇದ್ದುದರಿಂದಲೇ ಬ್ರಿಟಿಷ್ ಸೇನಾಧಿಕಾರಿ ಗೈ ಕಾರ್ಲ್‌ಟನ್ ತಾನೂ ಪಡೆ ಕಟ್ಟಿಕೊಳ್ಳಬೇಕಾಯಿತು. ‘ಇನ್‌ಫ್ಲೆಕ್ಸಿಬಲ್’ ಎಂಬ ದೊಡ್ಡ ಹಡಗನ್ನು ಕಳಚಿ, ನದಿಯ ರಭಸ ದಾಟಿಸಿ, ಮತ್ತೆ ಜೋಡಿಸಿದರು. ಅಷ್ಟರಲ್ಲಿ ಅಕ್ಟೋಬರ್ ಬಂದೇಬಿಟ್ಟಿತು.

ಅಕ್ಟೋಬರ್ 11ರಂದು ಕದನ ನಡೆಯಿತು. 24 ಪೌಂಡಿನ ಗುಂಡು ಬಡಿದ ‘ಫಿಲಡೆಲ್ಫಿಯಾ’ ಸಂಜೆ ಮುಳುಗಿತು. ಎರಡು ದಿನದೊಳಗೆ ಅರ್ನಾಲ್ಡ್‌ನ ಪಡೆ ಬಹುಮಟ್ಟಿಗೆ ನಾಶವಾಯಿತು. ಸೋಲು ಸೋಲೇ. ಆದರೆ ಚಳಿಗಾಲ ಹತ್ತಿರವಾದ್ದರಿಂದ ಕಾರ್ಲ್‌ಟನ್ ಅಮೆರಿಕನ್ನರ ವಶದಲ್ಲಿದ್ದ ಟಿಕಾಂಡೆರೋಗ ಕೋಟೆಯ ಮೇಲೆ ಬೀಳದೆ ಕೆನಡಾಕ್ಕೆ ಮರಳಿದ. ಮರುವರ್ಷ ಅದೇ ದಾರಿಯಲ್ಲಿ ಬಂದ ಬ್ರಿಟಿಷ್ ಸೇನಾಧಿಕಾರಿ ಬರ್ಗಾಯ್ನ್‌ನ ಸೇನೆ ಸಾರಟೋಗದಲ್ಲಿ ಶರಣಾಯಿತು.

1935ರಲ್ಲಿ ಲೊರೆಂಜೊ ಹ್ಯಾಗ್ಲಂಡ್ ಎಂಬಾತ ದೋಣಿಯನ್ನು ಮೇಲೆತ್ತಿಸಿದ. ತಣ್ಣೀರಿನಲ್ಲಿ ಮರ ಕೊಳೆತಿರಲಿಲ್ಲ, ಫಿರಂಗಿಗಳೂ ಸಿಕ್ಕವು. ಈಗ ಅದು ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಹೋದವರು ಫಿರಂಗಿಯನ್ನಷ್ಟೇ ನೋಡಿ ಮುಂದೆ ಸಾಗಬೇಡಿ, ದೋಣಿಯ ಅಗಲವನ್ನೂ ಒಮ್ಮೆ ಕಣ್ಣಲ್ಲೇ ಅಳೆಯಿರಿ. ಅಷ್ಟು ಜಾಗದಲ್ಲಿ 44 ಜನ ವಾರಗಟ್ಟಲೆ ಬದುಕಿದ್ದರು.