ಚೆಕ್ಕಿನ ಗಡುವೂ ತಪ್ಪಿಸಲಾಗದ ವಿಘ್ನವೂ

ರಾಯದುರ್ಗದ ಕಡೆಯ ಶೇಂಗಾ ಆಗಲಿ, ಮಡಕಶಿರಾ ಕಡೆಯ ರೇಷ್ಮೆಗೂಡು, ಹುಣಸೆಹಣ್ಣು ಆಗಲಿ, ಮಾಲು ಕೊಂಡ ವ್ಯಾಪಾರಿ ಮುಂದಿನ ತಾರೀಖಿನ ಚೆಕ್ಕು ಬರೆದುಕೊಟ್ಟು ಕಳಿಸುವುದುಂಟು. ನಾವು ಅದನ್ನು ಹಣವೆಂದೇ ಬಗೆದು ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತರಾಗುತ್ತೇವೆ. ಆದರೆ ಚೆಕ್ಕು ಹಣವಲ್ಲ. ಹಣ ಕೊಡೆಂದು ಬ್ಯಾಂಕಿಗೆ ಬರೆದ ಚೀಟಿ. ಅದಕ್ಕೊಂದು ಆಯುಸ್ಸುಂಟು.

ಲೆಕ್ಕ ಹೀಗಿದೆ. ಚೆಕ್ಕಿನಲ್ಲಿರುವ ತಾರೀಖಿನಿಂದ 3 ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಕಟ್ಟಬೇಕು. ಮೊದಲು 6 ತಿಂಗಳಿದ್ದುದನ್ನು ರಿಸರ್ವ್ ಬ್ಯಾಂಕು 2012ರ ಏಪ್ರಿಲ್ 1ರಿಂದ ಇಳಿಸಿತು. ಹಣವಿಲ್ಲವೆಂದು ಚೆಕ್ಕು ವಾಪಸಾದರೆ, ಆ ಸುದ್ದಿ ತಿಳಿದ 30 ದಿನದೊಳಗೆ ಬರಹದಲ್ಲಿ ನೋಟೀಸು ಕೊಡಬೇಕು. ನೋಟೀಸು ತಲುಪಿದ ಮೇಲೆ ಹಣ ಕೊಡಲು ಅವನಿಗೆ 15 ದಿನ. ಆಗಲೂ ಕೊಡದಿದ್ದರೆ ನಾವು 1 ತಿಂಗಳೊಳಗೆ ಕೋರ್ಟಿಗೆ ಫಿರ್ಯಾದು ಕೊಡಬೇಕು. ವ್ಯಾಪಾರಿ ಚಳ್ಳಕೆರೆಯವನಾದರೂ ಪಾವಗಡದವನಾದರೂ, ಚೆಕ್ಕನ್ನು ನಮ್ಮ ಖಾತೆಗೆ ಕಟ್ಟಿದ್ದರೆ, 2015ರ ತಿದ್ದುಪಡಿಯಂತೆ ನಮ್ಮ ಖಾತೆಯಿರುವ ಬ್ಯಾಂಕಿನ ಪ್ರದೇಶದ ಕೋರ್ಟಿನಲ್ಲಿಯೇ ಮೊಕದ್ದಮೆ ನಡೆಯುತ್ತದೆ.

ನಮ್ಮ ಕೈಮೀರಿದ ವಿಘ್ನ ಬಂದರೆ ಏನು ಗತಿ? 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ 75ಎ ಕಲಮು ಇದಕ್ಕೆ ಉತ್ತರ ಹೇಳುತ್ತದೆ. ಹಾಜರುಪಡಿಸುವವನ ಅಲಕ್ಷ್ಯವಿಲ್ಲದೆ ತಡವಾದರೆ ಆ ತಡ ಮನ್ನಾ. ಅಡ್ಡಿ ನೀಗಿದೊಡನೆ ಯುಕ್ತ ಕಾಲದಲ್ಲಿ ಹಾಜರುಪಡಿಸಬೇಕು. ಫಿರ್ಯಾದು ತಡವಾದರೂ ಸಾಕಷ್ಟು ಕಾರಣ ತೋರಿಸಿದರೆ ಕೋರ್ಟು ಮನ್ನಿಸಬಹುದು. ನೋಟೀಸಿನ 30 ದಿನಕ್ಕೆ ಮಾತ್ರ ಇಂಥ ಮನ್ನಾವನ್ನು ಆ ಕಾನೂನು ಬರೆದಿಲ್ಲ.

2020ರ ಮಾರ್ಚಿಯಲ್ಲಿ ಕೊರೋನಾ ಬಂದು ಬಸ್ಸು ನಿಂತಿತು, ಗಡಿಯ ಹಾದಿ ಮುಚ್ಚಿತು. ಬ್ಯಾಂಕು ತೆರೆದಿದ್ದರೂ ಹಳ್ಳಿಯವನು ಅಲ್ಲಿಗೆ ಹೋಗುವುದು ಹೇಗೆ? ಸುಪ್ರೀಂ ಕೋರ್ಟು ತಾನಾಗಿ ಕೈಹಾಕಿ, 2022ರ ಜನವರಿ 10ರ ಆಜ್ಞೆಯಲ್ಲಿ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಗಡುವಿನ ಲೆಕ್ಕದಿಂದ ಬಿಡಬೇಕೆಂದಿತು. ಚೆಕ್ಕಿನ ನೋಟೀಸಿನ 30 ದಿನ, ಹಣ ಕೊಡುವ 15 ದಿನ ಇವೆರಡನ್ನೂ ಅದು ಬಿಡಿಸಿ ಹೇಳಿತು. ಚೆಕ್ಕಿನ 3 ತಿಂಗಳ ಆಯುಸ್ಸನ್ನು ಹೆಸರಿಸಲಿಲ್ಲ.

ಕೊರತೆ ಇರುವುದು ಇಲ್ಲಿಯೇ. ಕೋರ್ಟಿಗೆ ತಡವಾಗಿ ಹೋದವನಿಗೆ ಮನ್ನಾ ದೊರೆಯಿತು. ಬ್ಯಾಂಕಿಗೆ ತಡವಾಗಿ ಹೋದವನ ಪಾಡು ಚೆಕ್ಕು ಕೊಟ್ಟವನ ದಯೆಗೆ ಬಿತ್ತು. ಹೊಸ ಚೆಕ್ಕು ಬರೆಯೆಂದು ಅವನನ್ನೇ ಬೇಡಬೇಕು. ಮೂಲ ಬಾಕಿಗೆ ಸಾಮಾನ್ಯವಾಗಿ 3 ವರ್ಷದೊಳಗೆ ಸಿವಿಲ್ ದಾವಾ ಹೂಡಬಹುದು, ನಿಜ. ಅದು ದೂರದ ಹಾದಿ. ನೆರೆ, ಸಾಂಕ್ರಾಮಿಕಗಳಿಂದ ಸರ್ಕಾರವೇ ಸಂಚಾರ ನಿಲ್ಲಿಸಿದ ದಿನಗಳನ್ನು ಚೆಕ್ಕಿನ ಆಯುಸ್ಸಿಗೂ ಎಣಿಸಬಾರದೆಂದು ರಿಸರ್ವ್ ಬ್ಯಾಂಕು ವಿಧಿಸಬೇಕು. ಈ ಗಡುವುಗಳ ಪಟ್ಟಿಯನ್ನು ನಮ್ಮ ಗಡಿ ಶಾಖೆಗಳಲ್ಲಿ ತೆಲುಗಿನ ಜೊತೆಗೆ ಕನ್ನಡದಲ್ಲಿಯೂ ತೂಗುಹಾಕಬೇಕು. ಇದು ನಮ್ಮ ಸ್ಪಷ್ಟ ಅಭಿಪ್ರಾಯ.

ಅಲ್ಲಿಯವರೆಗೆ ರೈತಬಾಂಧವರು ತಾರೀಖು ಬಂದ ವಾರದಲ್ಲಿಯೇ ಚೆಕ್ಕು ಕಟ್ಟಲಿ. ಬ್ಯಾಂಕಿನ ವಾಪಸು ಚೀಟಿಯನ್ನೂ ಟಪಾಲಿನ ರಸೀದಿಯನ್ನೂ ಜೋಪಾನ ಮಾಡಲಿ. ವಿಘ್ನ ಬಂದರೆ ಅದು ಬಂದ ದಿನ, ನೀಗಿದ ದಿನ ಎರಡನ್ನೂ ಬರೆದಿಡಲಿ. ವಿಘ್ನವನ್ನು ಕೋರ್ಟು ಮನ್ನಿಸೀತು. ಅದಕ್ಕೆ ರುಜುವಾತು ಒದಗಿಸಬೇಕಾದವರು ನಾವೇ.