ಗೆಡ್ಡೆಯ ಹಣೆಬರಹ, ನಮ್ಮ ಹಣೆಬರಹ

ದೊಡ್ಡ ಕರುಳಿನ ಕ್ಯಾನ್ಸರ್ ಬಂದವರಲ್ಲಿ ಯಾರು ಉಳೀತಾರೆ, ಯಾರಿಗೆ ಕಾಯಿಲೆ ಮರಳುತ್ತೆ ಅಂತ ಅಂದಾಜು ಮಾಡೋಕೆ ಡಾಕ್ಟರುಗಳು ಈಗ ಗೆಡ್ಡೆಯ ಪ್ರೋಟೀನುಗಳನ್ನು ನೋಡ್ತಾರೆ. ನಮ್ಮ ಕೇರಿಗಳಲ್ಲಿ ಮಾತ್ರ ಇವತ್ತಿಗೂ ಒಂದೇ ಉತ್ತರ: "ಎಲ್ಲಾ ಹಣೆಬರಹ." ಬಾಬಾಸಾಹೇಬರನ್ನು ಓದಿದವರು ಈ ಮಾತು ಒಪ್ಪೋಕಾಗಲ್ಲ. ಅದಕ್ಕೇ ಇದನ್ನು ಬರೀತಿದ್ದೀನಿ.

ಮೊದಲನೇದು ಸಿಇಎ. 1965ರಲ್ಲಿ ಕೆನಡಾದ ಫಿಲ್ ಗೋಲ್ಡ್, ಸ್ಯಾಮ್ಯುಯೆಲ್ ಫ್ರೀಡ್‌ಮನ್ ಗುರುತಿಸಿದ ಪ್ರೋಟೀನ್. ಬರೀ ರಕ್ತ ಪರೀಕ್ಷೆ ಸಾಕು. ಆಪರೇಷನ್ ಆದ್ಮೇಲೆ ಇಳಿದಿದ್ದು ಮತ್ತೆ ಏರಿದ್ರೆ, ಕಾಯಿಲೆ ಮರಳಿದೆಯಾ ಅಂತ ಹುಡುಕಬೇಕು. ಬೀಡಿ ಸೇದೋರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸ್ವಲ್ಪ ಏರಿರಬಹುದು. ಹಾಗಾಗಿ ಇದೊಂದನ್ನೇ ನೋಡಿ ತೀರ್ಮಾನ ಮಾಡೋ ಹಾಗಿಲ್ಲ.

ಎರಡನೇದು ನಾಲ್ಕು ಪ್ರೋಟೀನುಗಳ ಪರೀಕ್ಷೆ: ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2. ಡಿಎನ್‌ಎ ನಕಲಾಗುವಾಗ ಆಗೋ ತಪ್ಪು ತಿದ್ದೋದು ಇವುಗಳ ಕೆಲಸ. ಈಗಾಗಲೇ ತೆಗೆದ ಗೆಡ್ಡೆಯ ತುಂಡಿಗೇ ಬಣ್ಣ ಹಾಕಿ ನೋಡ್ತಾರೆ. ಎರಡನೇ ಹಂತದ ಕ್ಯಾನ್ಸರಿನಲ್ಲಿ ಇವು ಕಾಣೆಯಾಗಿದ್ರೆ ಕಾಯಿಲೆ ಮರಳೋ ಸಾಧ್ಯತೆ ಕಡಿಮೆ, ಸಾಮಾನ್ಯವಾಗಿ ಕೀಮೋ ಬೇಕಾಗಲ್ಲ. ಅಂದ್ರೆ ಕೂಲಿ ಬಿಟ್ಟು, ಸಾಲ ಮಾಡಿ, ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆಯೋದು ತಪ್ಪುತ್ತೆ. ಕ್ಯಾನ್ಸರ್ ದೂರ ಹರಡಿದವರಲ್ಲೂ ಇಮ್ಯುನೋಥೆರಪಿ ಕೆಲಸ ಮಾಡುತ್ತಾ ಅನ್ನೋದಕ್ಕೆ ಇದೇ ರಿಪೋರ್ಟ್ ದಾರಿ. ಕೆಲವರಿಗೆ ಈ ದೋಷ ಹುಟ್ಟಿನಿಂದಲೇ ಇರುತ್ತೆ. ಅದಕ್ಕೆ ಲಿಂಚ್ ಸಿಂಡ್ರೋಮ್ ಅಂತಾರೆ. ಅವರ ಪ್ರತಿ ಮಗುವಿಗೂ ಅದು ಬರೋ ಸಾಧ್ಯತೆ ನೂರಕ್ಕೆ 50. ಮೊದಲೇ ಗೊತ್ತಾದ್ರೆ ಆಗಾಗ ಕೊಲೊನೋಸ್ಕೋಪಿ ಮಾಡಿಸಿ ಮಕ್ಕಳನ್ನು ಕಾಪಾಡಬಹುದು.

ಈಗ ನನ್ನ ಪ್ರಶ್ನೆ. ಗುಮಾಸ್ತನಾಗಿ ಮೆಡಿಕಲ್ ಬಿಲ್ಲುಗಳ ಫೈಲ್ ನೋಡ್ತೀನಿ. ಖಾಯಂ ನೌಕರರ ಫೈಲಲ್ಲಿ ಇಂಥ ರಿಪೋರ್ಟುಗಳು ಇರ್ತವೆ. ಅದೇ ಕಚೇರಿ ಗುಡಿಸೋ ಹೊರಗುತ್ತಿಗೆ ಹೆಣ್ಣುಮಗಳ ಫೈಲೇ ನನ್ನ ಮೇಜಿಗೆ ಬರಲ್ಲ. ಪ್ರೋಟೀನು ಗೆಡ್ಡೆಯ ಗುಣ ಹೇಳುತ್ತೆ, ರಜೆ ಹಾಕಿದ್ರೆ ಕೂಲಿ ಹೋಗುತ್ತೆ ಅನ್ನೋದನ್ನು ಹೇಳಲ್ಲ. ಮಲದಲ್ಲಿ ರಕ್ತ ಕಂಡ್ರೆ ಪೈಲ್ಸ್ ಅಂತ ನಾಟಿ ಔಷಧಿಯಲ್ಲೇ ವರ್ಷ ಕಳೆದೋರನ್ನು ನೀವೂ ನೋಡಿರ್ತೀರಿ. ಅಷ್ಟರಲ್ಲಿ ಹಂತ ದಾಟಿರುತ್ತೆ. ಅಮೆರಿಕದ ಲೆಕ್ಕದಲ್ಲಿ, ಕ್ಯಾನ್ಸರ್ ಕರುಳಲ್ಲೇ ಇದ್ದಾಗ ಸಿಕ್ಕಿದ್ರೆ 5 ವರ್ಷದ ಆಚೆ ಬದುಕೋರು ನೂರಕ್ಕೆ ಸುಮಾರು 90. ದೂರ ಹರಡಿದ ಮೇಲೆ 15ರ ಆಸುಪಾಸು. ಈ ಅಂತರವನ್ನು ಹಣೆಯಲ್ಲಿ ಯಾರೂ ಬರೆದಿಲ್ಲ. ಅದು ಬಡತನ, ಜಾತಿ, ದೂರ ಸೇರಿ ಬರೆದಿದ್ದು.

ಹಾಗಾಗಿ ನಾವು ಕೇಳಬೇಕಾದ್ದು ಇಷ್ಟು. ಕರುಳಿನ ಕ್ಯಾನ್ಸರಿನ ಪ್ರತಿ ರೋಗಿಗೂ ನಾಲ್ಕು ಪ್ರೋಟೀನುಗಳ ಪರೀಕ್ಷೆ ಸರ್ಕಾರಿ ಯೋಜನೆಯಲ್ಲೇ ಉಚಿತವಾಗಿ ಆಗಬೇಕು. ಸಿಇಎಗೆ ರಕ್ತ ಕೊಡೋಕೆ ತಾಲ್ಲೂಕು ಆಸ್ಪತ್ರೆ ಸಾಕು ಅನ್ನೋ ಹಾಗಾಗಬೇಕು. ರಿಪೋರ್ಟನ್ನು ಕನ್ನಡದಲ್ಲಿ, ಮನೆಯವರನ್ನು ಕೂರಿಸಿ ವಿವರಿಸಬೇಕು. ಯಾವ ಸಮುದಾಯದವರು ಯಾವ ಹಂತದಲ್ಲಿ ಆಸ್ಪತ್ರೆ ತಲುಪ್ತಿದ್ದಾರೆ ಅನ್ನೋ ಲೆಕ್ಕ ಹೊರಗೆ ಬರಬೇಕು.

ನಮ್ಮ ಸಂಘಟನೆಗಳ ಮುಂದಿನ ಮನವಿಪತ್ರದಲ್ಲಿ ಜಮೀನು, ಹಾಸ್ಟೆಲ್ ಜೊತೆಗೆ ಇದೂ ಸೇರಲಿ. ಮನೆಯಲ್ಲಿ ಯಾರಿಗಾದ್ರೂ ಮಲದಲ್ಲಿ ರಕ್ತ ಹೋಗ್ತಿದ್ರೆ ನಾಚಿಕೆ ಬಿಟ್ಟು ಈ ವಾರವೇ ಡಾಕ್ಟರಿಗೆ ತೋರಿಸಿ.

ಜೈ ಭೀಮ್.