ನಾಗಮಂಡಲದ ಹೀರೋ ರಾಣಿಯೇ

ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕವನ್ನು ಈಚೆಗೆ ಓದಿದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಸೇರಿಸಿ ಕಾರ್ನಾಡರು ಇದನ್ನು ಬರೆದರು. 1997ರಲ್ಲಿ ಟಿ.ಎಸ್. ನಾಗಾಭರಣ ಇದನ್ನು ಸಿನಿಮಾ ಮಾಡಿದ್ದರಿಂದ ನಿಮ್ಮಲ್ಲಿ ಹಲವರಿಗೆ ಕಥೆ ಗೊತ್ತಿರಬಹುದು.

ರಾಜೂರದಿಂದ ಬಸ್ಸಿನಲ್ಲಿ ಬರುವಾಗ ನಮ್ಮಲ್ಲಿ ವಾದ ಹತ್ತಿತು. ಇದರಲ್ಲಿ ಹೀರೋ ಯಾರು? ಗೆಳತಿ ನಾಗ ಎಂದಳು. ರಾಣಿ ಏನು ಮಾಡಿದಳು, ಅಳುತ್ತಾ ಕೂತಿದ್ದಳಷ್ಟೇ, ಅವಳನ್ನು ಉಳಿಸಿದ್ದು ಹಾವು ಎಂಬುದು ಅವಳ ಮಾತು. ನಾನು ಒಪ್ಪಲಿಲ್ಲ.

ಗಂಡ ಅಪ್ಪಣ್ಣ ರಾಣಿಯನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಾನೆ. ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ರಾತ್ರಿ ಬೇರೊಬ್ಬಳ ಮನೆಯಲ್ಲಿರುತ್ತಾನೆ. ರಾತ್ರಿ ಅವನದೇ ರೂಪದಲ್ಲಿ ಬರುವ ನಾಗನನ್ನು ರಾಣಿ ಗಂಡನೆಂದೇ ನಂಬುತ್ತಾಳೆ. ಅವಳು ಬಸುರಿಯಾದಾಗ ಅಪ್ಪಣ್ಣ ಪಂಚಾಯಿತಿ ಸೇರಿಸುತ್ತಾನೆ.

ನಾನು ಕಾಮರ್ಸ್ ವಿದ್ಯಾರ್ಥಿನಿ. ಯಾವ ವ್ಯವಹಾರಕ್ಕೂ ಡೆಬಿಟ್, ಕ್ರೆಡಿಟ್ ಎಂದು ಎರಡು ಬದಿ ಇರುತ್ತವೆ ಎಂಬುದು ನಮ್ಮ ಮೊದಲ ಪಾಠ. ಆ ಪಂಚಾಯಿತಿ ಒಂದೇ ಬದಿ ನೋಡಿತು. ರಾಣಿ ಪ್ರಮಾಣ ಮಾಡಬೇಕು. ಅಪ್ಪಣ್ಣ ರಾತ್ರಿ ಎಲ್ಲಿದ್ದ ಎಂಬುದಕ್ಕೆ ಪ್ರಮಾಣ ಬೇಕಿಲ್ಲ.

ಇದು ಕಥೆಯಲ್ಲಿ ಮಾತ್ರ ನಡೆಯುವುದಲ್ಲ. ಹೋದ ವರ್ಷ ನಮ್ಮ ಮನೆಯಲ್ಲೇ ಹಿರಿಯರು ಕೂತಿದ್ದರು. ಸಂಬಂಧಿಕರ ಮಗಳೊಬ್ಬಳು ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದಳು. ಯಾರನ್ನು ಕೇಳಿ ಬಂದೆ, ಸ್ವಲ್ಪ ಸಹಿಸಿಕೊಳ್ಳಲು ಆಗಲಿಲ್ಲವೇ ಎಂದು ಅವಳಿಗೆ ಪ್ರಶ್ನೆಯ ಮೇಲೆ ಪ್ರಶ್ನೆ. ಗಂಡನೂ ಅಲ್ಲೇ ಕೂತಿದ್ದ. ಅವನಿಗೆ ಸಿಕ್ಕಿದ್ದು ಚಹಾ. ಕೊಟ್ಟವಳು ನಾನೇ. ನಾನೂ ಏನೂ ಕೇಳಲಿಲ್ಲ, ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ಅದಕ್ಕೇ ರಾಣಿ ನನಗೆ ದೊಡ್ಡವಳಾಗಿ ಕಾಣುತ್ತಾಳೆ. ಅವಳಿಗೂ ಭಯವಿತ್ತು. ಆದರೂ ಊರೆಲ್ಲ ನೋಡುತ್ತಿರುವಾಗ ಹುತ್ತದೊಳಗೆ ಕೈ ಹಾಕಿ ಹಾವನ್ನು ಹಿಡಿದಳು. ಗಂಡ ಮತ್ತು ಈ ನಾಗನ ಹೊರತು ಯಾವ ಗಂಡಸನ್ನೂ ಮುಟ್ಟಿಲ್ಲ ಎಂದು ತನಗೆ ಗೊತ್ತಿದ್ದ ಸತ್ಯವನ್ನು ಹೇಳಿದಳು. ಹಾವು ಹೆಡೆ ಎತ್ತಿ ನೆರಳಾದದ್ದು ಆಮೇಲೆ. ಕೈ ಹಾಕುವಾಗ ಅದು ಕಚ್ಚುವುದಿಲ್ಲ ಎಂಬ ಖಾತ್ರಿ ಅವಳಿಗಿರಲಿಲ್ಲ. ಧೈರ್ಯ ಇದ್ದದ್ದು ಆ ಕ್ಷಣದಲ್ಲಿ, ಪವಾಡದಲ್ಲಲ್ಲ.

ಊರವರು ಕೂಡಲೇ ಅವಳನ್ನು ದೇವಿ ಎಂದು ಕಾಲಿಗೆ ಬಿದ್ದರು. ಅಪ್ಪಣ್ಣನನ್ನು ಆಗಲೂ ಯಾರೂ ಲೆಕ್ಕ ಕೇಳಲಿಲ್ಲ. ದೇವಿ ಮಾಡುವುದು ಸುಲಭ, ನ್ಯಾಯ ಕೊಡುವುದು ಕಷ್ಟ. ಎಲ್ಲ ಹೆಂಗಸರಿಗೂ ಹೆಡೆ ಎತ್ತುವ ನಾಗ ಸಿಗುವುದಿಲ್ಲ. ಅವರಿಗೆ ಬೇಕಿರುವುದು ಎರಡೂ ಬದಿ ನೋಡುವ ಹಿರಿಯರು.

ರಾತ್ರಿ ಅಮ್ಮಿಗೆ ಈ ಕಥೆಯನ್ನು ಉರ್ದುವಿನಲ್ಲಿ ಹೇಳಿದೆ. ರೊಟ್ಟಿ ತಟ್ಟುತ್ತಲೇ ಪೂರ್ತಿ ಕೇಳಿದಳು. ಹಾವಿನ ಬಗ್ಗೆ ಏನೂ ಅನ್ನಲಿಲ್ಲ. “ಆ ಗಂಡನನ್ನು ಯಾರೂ ಏನೂ ಕೇಳಲಿಲ್ಲವಾ?” ಎಂದಳು.

ಮುಂದಿನ ಸಲ ಹಿರಿಯರು ಕೂತಾಗ ಚಹಾ ಕೊಡುವವಳು ನಾನೇ ಇರಬಹುದು. ಈ ಪ್ರಶ್ನೆಯನ್ನೂ ಜೊತೆಗೆ ಒಯ್ಯಬೇಕು ಎಂದುಕೊಂಡಿದ್ದೇನೆ.